ಬಂದೂಕ ಅದ, ಮದ್ದಿಲ್ಲ

ಸೇಡಂ, ಮಳಖೇಡ, ವಾಡಿ ಸೀಮೆಯ ಕಾಡಹಂದಿಗಳಿಗೆ ಇರುವ ಧೈರ್ಯ ಬೇರೆ ಸೀಮೆಯ ಹಂದಿಗಳಿಗಿಲ್ಲ ಎಂಬುದು ನನ್ನ ವಾದ. ಇವು ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನಲ್ಲಿ ಹುಟ್ಟಿ ಬೆಳೆದವು. ನಮ್ಮ ಕುರಕುಂಟಾದ ಸಿಸಿಐ ಕಾರ್ಖಾನೆಯೇನೋ 1998ರಲ್ಲಿ ಬಂದಾಯಿತು, ಆದರೆ ಸುತ್ತಲಿನವು ನಡೆದೇ ಇವೆ. ಸುಣ್ಣಕಲ್ಲಿನ ಖಣಿಯಲ್ಲಿ ಬ್ಲಾಸ್ಟಿಂಗ್ ಆದರೆ ನಮ್ಮ ಕಪಾಟಿನ ಗ್ಲಾಸುಗಳು ನಡುಗುತ್ತವೆ. ಹಂದಿ ಮಾತ್ರ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಇಂಥ ಹಂದಿಗಳನ್ನು ಮುತ್ಯಾನ ಭರಮಾರ್ ಬಂದೂಕಿನಿಂದ ಹೆದರಿಸಿ ತೊಗರಿ ಉಳಿಸುತ್ತೇನೆಂದು ಹೊರಟ ಗಂಡಸು ನಾನು.

ಭರಮಾರ್ ಎಂದರೆ ಬಾಯಿಂದ ಮದ್ದು ಸುರಿದು, ಮೇಲೆ ಚಿಂದಿ ತುರುಕಿ, ಗಜದಿಂದ ಜಡಿದು, ಹಿಂದೆ ಕೇಪು ಕೂರಿಸಿ ಹೊಡೆಯುವ ಬಂದೂಕು. ಇಷ್ಟೆಲ್ಲ ಆಗುವವರೆಗೆ ಹಂದಿ ಕಾಯಬೇಕು. ಮುತ್ಯಾ ಇದನ್ನು ನಿಜಾಮರ ಕಾಲದಲ್ಲಿ ಸಂಪಾದಿಸಿದ್ದು. ಆಗಿನ ಲೈಸೆನ್ಸು ಉರ್ದುವಿನಲ್ಲಿದೆ. ಮುತ್ಯಾನಿಗೆ ಅದನ್ನು ಓದಲು ಬರುತ್ತಿರಲಿಲ್ಲ, ನನಗೂ ಬರುವುದಿಲ್ಲ. ಆದ್ದರಿಂದಲೇ ಅದರಲ್ಲಿ ನಮ್ಮ ಮನೆತನದ ಬಗ್ಗೆ ಏನೋ ದೊಡ್ಡದು ಬರೆದಿದೆ ಎಂದು ಮೂರು ತಲೆಮಾರು ನಂಬಿಕೊಂಡು ಬಂದಿದ್ದೇವೆ.

ಕಾಯ್ದೆ ನನ್ನ ಪರವಾಗಿಯೇ ಇದೆ. ನಿಜವಾಗಿಯೂ ಬೆಳೆ ಕಾಯುವುದಕ್ಕಾದರೆ ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸು ಕೊಡಬೇಕು ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮೇ ಹೇಳುತ್ತದೆ. ಅಂಗಡಿಯಲ್ಲಿ ಮದ್ದು ಸಿಗಬೇಕು ಎಂದು ಮಾತ್ರ ಬರೆದಿಲ್ಲ. ಇತ್ತ ಹಂದಿಯ ಪರವಾಗಿ 1972ರ ವನ್ಯಜೀವಿ ಕಾಯ್ದೆ ನಿಂತಿದೆ. ಅಧಿಕಾರಿಗಳ ಅಪ್ಪಣೆಯಿಲ್ಲದೆ ಅದರ ಕೂದಲು ಕೊಂಕಿಸುವಂತಿಲ್ಲ. ಹಾಗಾಗಿ ಛರ್ರಾ ಹಾಕುವ ಮಾತೇ ಇಲ್ಲ, ನನಗೆ ಬೇಕಾದ್ದು ಬರೀ ಸಪ್ಪಳ ಎಂದು ಮನೆಯಲ್ಲಿ ವಿವರಿಸಿದೆ.

“ಸಪ್ಪಳಕ್ಕ ಬಂದೂಕ ಯಾಕ ಬೇಕ್ರೀ?” ಎಂದಳು ನನ್ನ ಹೆಂಡತಿ. “ರಾತ್ರಿ ನೀವೇ ಹೊಲ್ದಾಗ ಹೋಗಿ ಮಲ್ಕೋರಿ. ನಮಗೂ ನಿದ್ದಿ ಹತ್ತತದ.”

ಕಲಬುರಗಿಯ ಅಂಗಡಿಯವನು ನನ್ನನ್ನು ಕರುಣೆಯಿಂದ ನೋಡಿ, “ಕಾಕಾ, ಈಗ ಅದನ್ನ ಯಾರ ಹೊಡೀತಾರ? ತೋಟಾದ್ದು ತಗೋರಿ” ಎಂದ. ಹೈದರಾಬಾದಿನ ಒಂದು ಅಂಗಡಿಯಲ್ಲಿ ಕೇಪಿತ್ತು, ಮದ್ದಿರಲಿಲ್ಲ. ಇನ್ನೊಂದರಲ್ಲಿ ಮದ್ದು ಬರುವುದಿತ್ತು, ಯಾವಾಗ ಎಂಬುದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಕೊನೆಗೆ ಕೊಡಗಿನ ಗೆಳೆಯನಿಗೆ ಫೋನು ಹಚ್ಚಿದೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೋವಿಗೆ ಲೈಸೆನ್ಸೇ ಬೇಡ. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ನಾಡಿನಲ್ಲಿ ಒಂದು ಡಬ್ಬಿ ಕೇಪಿಗೆ ಬರವೇ ಎಂದುಕೊಂಡಿದ್ದೆ. “ಮಾರಾಯ, ಕೇಪಿನ ಕೋವಿ ನಮ್ಮಲ್ಲೂ ಅಟ್ಟ ಹತ್ತಿ ಎಷ್ಟೋ ಕಾಲ ಆಯ್ತು” ಎಂದು ಅವನು ನಕ್ಕ.

ಅಮೆರಿಕದಲ್ಲೂ ಇದೇ ಗೋಳು ಎಂದು ಮಗ ಸಮಾಧಾನ ಹೇಳಿದ. ಲೂಸಿಯಾನಾದಲ್ಲಿ ಕರಿಮದ್ದು ಅರೆಯುತ್ತಿದ್ದ ಗೋಯೆಕ್ಸ್ ಕಾರ್ಖಾನೆಯನ್ನು ಮುಚ್ಚುತ್ತೇವೆಂದು 2021ರಲ್ಲಿ ಸಾರಿದಾಗ ಅಲ್ಲಿನ ಭರಮಾರ್‌ಪ್ರಿಯರು ಕಂಗಾಲಾದರಂತೆ. ಆಮೇಲೆ ಅದನ್ನು ಕೊಂಡು ಕಾಪಾಡಿದ್ದು ಹುಡುಗರು ಹಾರಿಸುವ ಪುಟಾಣಿ ರಾಕೆಟ್ಟು ಮಾಡುವ ಎಸ್ಟೆಸ್ ಕಂಪನಿ. ನಮ್ಮೂರ ಕಾರ್ಖಾನೆಯನ್ನು ಕೊಳ್ಳಲು ಆಟಿಗೆಯವರೂ ಬರಲಿಲ್ಲ.

ಅಷ್ಟರಲ್ಲಿ ಮನೆಯೊಳಗೇ ಬಂದೂಕಿನ ಸಾಮಾನು ಒಂದೊಂದಾಗಿ ಕರಗುತ್ತಿತ್ತು. ಗಜ ಬಚ್ಚಲ ಮೋರಿ ಚುಚ್ಚಲು ಹೋಯಿತು. ಮುತ್ಯಾ ಮದ್ದು ಇಡುತ್ತಿದ್ದ ಕೊಂಬಿನಲ್ಲಿ ಮೊಮ್ಮಗಳು ನೀರು ತುಂಬಿ ಗೊಂಬೆಗೆ ಜಳಕ ಮಾಡಿಸಿದಳು. ಮಹಾನವಮಿಯ ದಿನ ಆಯುಧಪೂಜೆಗೆ ಬಂದೂಕು ಇಳಿಸಿದರೆ ಮಿಕ್ಸರ್, ಕುಕ್ಕರ್, ಬೈಕು ಎಲ್ಲಕ್ಕೂ ಕುಂಕುಮವಾದ ಮೇಲೆ ಅದರ ಪಾಳಿ.

ಅಪ್ಪನ ಕಾಲದ ಒಂದು ಚಿಟಿಕೆ ಮದ್ದು, ಒಂದೇ ಕೇಪು ಇನ್ನೂ ಉಳಿದಿದ್ದವು. ಕಾಯಿಕಟ್ಟಿದ ತೊಗರಿಗೆ ಹಂದಿ ಹೊಕ್ಕ ರಾತ್ರಿ ಅವನ್ನೇ ಹಾಕಿ, ಹೆಂಡತಿಯ ಹಳೆಯ ಸೀರೆಯ ಚಿಂದಿ ಜಡಿದು, ಬದುವಿನ ಮೇಲೆ ನಿಂತೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಅಂಥದ್ದನ್ನು ಕಾಯುವವನ ನಿಲುವಿಗೂ ಒಂದು ಗತ್ತು ಬೇಡವೇ? ಬೆಳದಿಂಗಳಲ್ಲಿ ನೆರಳು ಚೆನ್ನಾಗಿ ಬೀಳುವಂತೆ ಎದೆ ಸೆಟೆಸಿ ಕುದುರೆ ಎಳೆದೆ. ಟಿಕ್ ಎಂದಿತು. ಆಮೇಲೆ ಏನೂ ಇಲ್ಲ. ನಳಿಗೆಯ ಮುಖ ಆ ಕಡೆಗೇ ಹಿಡಿದು ಕಾದೆ. ಬಹಳ ಹೊತ್ತಿನ ಮೇಲೆ ‘ಫುಸ್ಸ್’ ಎಂದು ಬಿಳಿ ಹೊಗೆ ಹೊರಬಂದು ನನ್ನ ಮುಖದ ಸುತ್ತಲೇ ನಿಂತಿತು. ಹಂದಿಗಳು ತಲೆಯೆತ್ತಿ ನೋಡಿದವು, ಮತ್ತೆ ಮೇಯತೊಡಗಿದವು. ಅವುಗಳಲ್ಲೊಂದು ಸೀನಿತು. ಆ ರಾತ್ರಿ ಹೊಲದಲ್ಲಿ ಆದ ದೊಡ್ಡ ಸಪ್ಪಳ ಅದೊಂದೇ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ, ಕುದಿಯುವ ನೀರಿಗೇ ಅದು ಬಿಡುವುದು. ಬೆಳಗಿನ ಜಾವ ಹಂಡೆಯ ನೀರೆಲ್ಲ ಬಂದೂಕಿಗೆ ಹೋಯಿತು, ಮನೆಮಂದಿಗೆ ತಣ್ಣೀರ ಜಳಕ. ಯಾರೂ ನನ್ನೊಡನೆ ಮಾತಾಡಲಿಲ್ಲ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಾಗ ಖಣಿಯ ಕಡೆಯಿಂದ ‘ಢಂ’ ಎಂದು ಬ್ಲಾಸ್ಟಿಂಗ್ ಆಯಿತು. ಗಂಗಾಳ ಗಡಗಡ ಎಂದವು. ಹೆಂಡತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ನಿನ್ನಿ ರಾತ್ರಿ ನೀವು ಹೊಡದಿದ್ದು ಈಗ ಹಾರ್ತೇನ್ರೀ?”

ಕಲಬುರಗಿ ಕೋಟೆಯ ಮೇಲೆ 29 ಅಡಿಯ ಬಾರಾ ಗಜಿ ತೋಪು ಇದೆ, ಅದೂ ಬಾಯಿಂದ ತುಂಬುವಂಥದ್ದೇ, ಅದಕ್ಕೂ ಮದ್ದಿಲ್ಲ, ಆದರೂ ಜನ ಬಂದು ನೋಡುತ್ತಾರೆ ಎಂದೆ. “ಅದು ಕೋಟಿ ಮ್ಯಾಲ ಕುಂತದ. ನಿಮ್ದು ನನ್ನ ಪಡಸಾಲ್ಯಾಗ ಕುಂತದ. ಧೂಳ ನಾ ಹೊಡೀಬೇಕು” ಎಂದಳು. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲಿ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದೆ. ಖಾಲಿಯಾದ ಗೂಟಕ್ಕೆ ಉಳ್ಳಾಗಡ್ಡಿಯ ಗೊಂಚಲು ಬಂದಿತ್ತು. ತಿರುಗಿ ತಂದ ದಿನ ಅವಳು ಕೇಳಿದ್ದು ಒಂದೇ ಮಾತು, ಮುಂದಿನ ಇಲೆಕ್ಷನ್ ಯಾವಾಗ ಅಂತ.

ಈಗ ಹೊಲದ ಉಸ್ತುವಾರಿ ಅವಳದು. ಉಳಿದವರಂತೆ ಅವಳೂ ಗೂಟ ಬಡಿಸಿ ಸುತ್ತಲೂ ಹಳೆಯ ಸೀರೆ ಕಟ್ಟಿಸಿದ್ದಾಳೆ, ಗಾಳಿಗೆ ಪಟಪಟ ಎನ್ನುತ್ತವೆ. ಹಂದಿಗಳ ಹಾವಳಿ ಸದ್ಯಕ್ಕೆ ಕಡಿಮೆಯೇ. ಕಟ್ಟಲು ನಿಂತ ಆಳಿಗೆ, ಮದುವೆಯ ವಾರ್ಷಿಕಕ್ಕೆ ನಾನೇ ಆರಿಸಿ ತಂದಿದ್ದ, ಘಳಿಗೆ ಮುರಿಯದ ಹೊಸ ಸೀರೆಯನ್ನೂ ಕೊಟ್ಟಳು. ಇದು ಹೊಸದಲ್ಲವೇ ಎಂದೆ.

“ಹೌದ್ರೀ. ಅದನ್ನ ಹಂದಿ ಬರೋ ದಿಕ್ಕಿಗೇ ಕಟ್ಟಸ್ರಿ. ಅದನ್ನ ನೋಡಿ ನಾನೇ ಹೆದರಿದ್ದೆ.”