ಏನೂ ಆಗಲ್ಲ, ಒಂದ್ಸಲ ಕೊಟ್ಟು ನೋಡಿ

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಬೆಂಗಳೂರಿನ ಡಾಕ್ಟರು ಹೇಳಿದ ಸಂಜೆಗೇ ಆ ಮನೆಯಲ್ಲೊಂದು ತಜ್ಞರ ಸಮಿತಿ ರಚನೆಯಾಗಿಬಿಡುತ್ತದೆ. ಅಧ್ಯಕ್ಷರು ದೊಡ್ಡಪ್ಪ. ಕಾರ್ಯದರ್ಶಿ, ಲಕ್ಷ್ಮಣಫಲದ ಎಲೆ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ಮೊದಲು ಕಳಿಸಿದ ಸೋದರತ್ತೆ. ವಿಶೇಷ ಆಹ್ವಾನಿತರು, ಷಡ್ಡಕನ ಆಫೀಸಿನಲ್ಲಿರುವ ಯಾರದೋ ಭಾವಮೈದ. ಅವರ ಕಡೆ ಒಬ್ಬರು ಮರದ ತೊಗಟೆ ಕೊಡುತ್ತಾರಂತೆ. "ದೊಡ್ಡ ದೊಡ್ಡ ಆಸ್ಪತ್ರೆಯವರು ಕೈಬಿಟ್ಟ ಕೇಸನ್ನೇ ವಾಸಿ ಮಾಡಿದಾರೆ ಕಣಮ್ಮಾ, ಇದೇನು ಮಹಾ!" ವಾಸಿಯಾದವರು ಯಾರು, ಈಗ ಎಲ್ಲಿದ್ದಾರೆ ಎಂದು ಕೇಳಬಾರದು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವ ಆಟೋದವನನ್ನು ಕೇಳಿದರೂ ದಾರಿ ತೋರಿಸುತ್ತಾನೆ, ಅಷ್ಟು ಸಾಕು.

ಆಸ್ಪತ್ರೆಯಲ್ಲಿ ಅಪ್ಪನ ಸವಾಲು ನೋಡಬೇಕು. ಗ್ಯಾರಂಟಿ ಇದೆಯಾ ಸಾರ್? ಕೂದಲು ಉದುರುತ್ತಾ? ಮುಂದೆ ಮದುವೆಗೆ ತೊಂದರೆ ಆಗುತ್ತಾ? ಕೇಳಲೇಬೇಕಾದ ಪ್ರಶ್ನೆಗಳು, ತಪ್ಪೇನಿಲ್ಲ. ಅದೇ ಅಪ್ಪ ತೊಗಟೆಯವರ ಮುಂದೆ ಕೂತಾಗ ಪೊಟ್ಟಣದಲ್ಲಿ ಏನಿದೆ ಎಂದೂ ಕೇಳುವುದಿಲ್ಲ. ಅಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಇಲ್ಲ, ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಲ್ಲ, "ನಾಳೆ ಬನ್ನಿ" ಇಲ್ಲ. ತಲೆ ಸವರಿ "ಏನೂ ಆಗಲ್ಲ ಮಗಾ" ಎನ್ನುವವರೊಬ್ಬರು ಇದ್ದಾರೆ. ಈ ಮಾತನ್ನು ಹೇಳಲು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಯೋಜನೆಯಲ್ಲಿ ಔಷಧಿ ಪುಕ್ಕಟೆಯಾಗಬಹುದು, ಆದರೆ ರಾಯಚೂರಿನಿಂದ ಬಂದ ತಾಯಿಯ ಬಸ್ ಚಾರ್ಜು, ಬಾಡಿಗೆ ರೂಮು, ತಂದೆ ಕಳೆದುಕೊಂಡ ಕೂಲಿ ಯಾವ ಯೋಜನೆಯಲ್ಲಿ ಬರುತ್ತದೆ?

ಹೆತ್ತವರನ್ನು ಮೂಢರೆಂದು ಬೈದು ಲೇಖನ ಮುಗಿಸುವುದು ಸುಲಭ, ನಮ್ಮಂಥವರಿಗೆ ಅಭ್ಯಾಸವೂ ಇದೆ. ಆದರೆ ಬಹಳಷ್ಟು ಅಪ್ಪಂದಿರು ಎಲೆ ತರುವುದು ರೋಗಕ್ಕೆ ಹೆದರಿ ಅಲ್ಲ, ಸಮಿತಿಗೆ ಹೆದರಿ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ "ಅವತ್ತೇ ಹೇಳಿದ್ದೆ, ಕೇಳಲಿಲ್ಲ" ಎಂಬ ಮಾತು ಜೀವಮಾನವಿಡೀ ಬೆನ್ನ ಹಿಂದೆ ಬರುತ್ತದಲ್ಲ, ಅದಕ್ಕೆ.

ತೊಗಟೆಯವರ ಪ್ರವೇಶದ ಮುಹೂರ್ತವಂತೂ ಪಂಚಾಂಗ ನೋಡಿ ಇಟ್ಟ ಹಾಗಿರುತ್ತದೆ. ಮಕ್ಕಳಲ್ಲಿ ಹೆಚ್ಚು ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಗೆ ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ. ಆದರೆ ಮೊದಲ ನಾಲ್ಕೈದು ವಾರದ ಔಷಧಿಗೇ ಬಹುಪಾಲು ಮಕ್ಕಳ ರಕ್ತದ ರಿಪೋರ್ಟು ಚೊಕ್ಕಟವಾಗುತ್ತದೆ. ಜ್ವರ ಬಿಟ್ಟು ಮಗು ಓಡಾಡುತ್ತದೆ. ಅಡಗಿ ಕೂತ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಮುಗಿಸುವುದಕ್ಕೇ ಉಳಿದ ಎರಡು ವರ್ಷ ಬೇಕು ಎಂದು ಡಾಕ್ಟರು ಹೇಳುತ್ತಾರೆ. "ಚೆನ್ನಾಗಿರೋ ಮಗೂಗೆ ಯಾಕಪ್ಪಾ ವಿಷ?" ಎಂದು ಸಮಿತಿ ಹೇಳುತ್ತದೆ. ಕೀಮೋ ನಿಲ್ಲುತ್ತದೆ, ಕಷಾಯ ಶುರುವಾಗುತ್ತದೆ. ಕೆಲವು ತಿಂಗಳು ಮಗು ಗೆಲುವಾಗಿರುತ್ತದೆ, ಕೀರ್ತಿ ಕಷಾಯಕ್ಕೆ. ಆಮೇಲೆ ರೋಗ ಮರುಕಳಿಸಿದರೆ? "ಮೊದಲೇ ನಮ್ಮ ಹತ್ರ ಬರಬೇಕಿತ್ತು, ಕೀಮೋ ಕೊಡಿಸಿ ಕೆಡಿಸಿದಿರಿ." ಅದೂ ಸಾಲದಿದ್ದರೆ ಪಥ್ಯವಿದೆ. ಹಾಲು ಬೇಡ, ಮೊಟ್ಟೆ ಬೇಡ, ಉಪ್ಪು ಬೇಡ ಎಂದು ಒಣಗಿಸಿದ ಮಗುವಿಗೆ ಅಮ್ಮ ಕದ್ದು ಒಂದು ಬಿಸ್ಕತ್ತು ಕೊಟ್ಟಿದ್ದಳು ನೋಡಿ, ತಪ್ಪು ಅವಳದೇ.

ಗಿಡಮೂಲಿಕೆಯೇ ಬೇಕು ಎನ್ನುವವರಿಗೊಂದು ಸಮಾಚಾರ. ಅಂಗಳದ ಕಾಶಿಕಣಗಿಲೆಯಿಂದಲೇ ವಿನ್‌ಕ್ರಿಸ್ಟಿನ್ ಬಂದದ್ದು. 1960ರ ದಶಕದಿಂದ ಈ ಮಕ್ಕಳನ್ನು ಉಳಿಸುತ್ತಿರುವ ಔಷಧಿಗಳಲ್ಲಿ ಅದೂ ಒಂದು. ಕ್ವಿಂಟಲುಗಟ್ಟಲೆ ಒಣಎಲೆಯಿಂದ ಚಿಟಿಕೆಯಷ್ಟು ಸಾರ ತೆಗೆದು, ಮಗುವಿನ ಎತ್ತರ ತೂಕ ಲೆಕ್ಕ ಹಾಕಿ, ಎರಡು ಮಿಲಿಗ್ರಾಂ ದಾಟದಂತೆ ರಕ್ತನಾಳಕ್ಕೇ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವೇ ಹೋಗುತ್ತದೆ. ಗಿಡದಿಂದ ಬಂದದ್ದೆಲ್ಲ ಸಾಧುವಲ್ಲ ಎಂದು ಗಿಡವೇ ಹೇಳುತ್ತಿದೆ.

ಸ್ವದೇಶಿಯೇ ಬೇಕೇ? ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಕಂಪನಿಯಲ್ಲಿದ್ದಾಗ ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳು ಸುಧಾರಿಸಿದ್ದರು, ತಾತ್ಕಾಲಿಕವಾಗಿ. ಆ "ತಾತ್ಕಾಲಿಕ" ಎಂಬುದನ್ನು ಫಾರ್ಬರ್ ಮುಚ್ಚಿಡದೆ ಬರೆದರು. ಅದೇ ಔಷಧಿಯ ತಮ್ಮ ಮೆಥೊಟ್ರೆಕ್ಸೇಟ್ ಇವತ್ತಿಗೂ ವಾರ್ಡಿನಲ್ಲಿದೆ. ಅದು ಕೆಲಸ ಮಾಡುವುದೇ ಫೋಲಿಕ್ ಆಮ್ಲವನ್ನು ತಡೆದು. ನಾವು ಮಾತ್ರ ಶಕ್ತಿ ಬರಲಿ ಎಂದು ಫೋಲಿಕ್ ಆಮ್ಲವಿರುವ ಟಾನಿಕ್ಕನ್ನು ಡಾಕ್ಟರಿಗೆ ಹೇಳದೆ ಕುಡಿಸುತ್ತೇವೆ.

ಹೇಳದೆ ಎಂದೆ. "ಬೇರೆ ಏನಾದ್ರೂ ಕೊಡ್ತಿದೀರಾ?" "ಇಲ್ಲ ಸಾರ್." ಕಳೆದ ವಾರ ಹೌದು ಎಂದ ತಾಯಿಯನ್ನು ಇಡೀ ಓಪಿಡಿ ಕೇಳುವಂತೆ ಬೈದದ್ದನ್ನು ಈ ಅಪ್ಪ ಕಂಡಿದ್ದಾನೆ. ಅತ್ತ ಲಿವರ್ ರಿಪೋರ್ಟು ಕೆಟ್ಟು ಬರುತ್ತದೆ. ಡಾಕ್ಟರು ತಮ್ಮ ಮಾತ್ರೆಯ ಮೇಲೇ ಅನುಮಾನಪಟ್ಟು ಡೋಸು ಇಳಿಸುತ್ತಾರೆ. ಕಷಾಯ ಮಾತ್ರ ಪೂರ್ತಿ ಲೋಟ ಮುಂದುವರಿಯುತ್ತದೆ. ಬಿಳಿ ರಕ್ತಕಣ ನೆಲಕಚ್ಚಿದ ಮಗುವಿಗೆ ಹಸಿ ಗೋಧಿಹುಲ್ಲಿನ ರಸ ಹೋಗುತ್ತಿದೆ, ಅದರ ಜೊತೆ ಸೋಂಕು ಒಳಹೊಕ್ಕರೂ ಗೊತ್ತಾಗದು. ಬೈದ ಡಾಕ್ಟರೂ ಈ ಸಮಿತಿಯ ಗೌರವ ಸದಸ್ಯರೇ, ಅವರಿಗೆ ತಿಳಿದಿಲ್ಲ ಅಷ್ಟೆ.

ಕಾನೂನು ಇಲ್ಲವೆಂದಲ್ಲ. ಕ್ಯಾನ್ಸರ್ ವಾಸಿ ಮಾಡುತ್ತೇನೆಂದು ಜಾಹೀರಾತು ಕೊಡುವುದು 1954ರ ಮಾಂತ್ರಿಕ ಔಷಧಗಳ ಕಾಯ್ದೆಯಡಿ ಅಪರಾಧ. ಜಾಹೀರಾತು ಕೊಟ್ಟರೆ ತಾನೆ? ನಮ್ಮ ಸೋದರತ್ತೆ ಪುಕ್ಕಟೆಯಾಗಿ ಮಾಡಿಕೊಡುತ್ತಿರುವಾಗ ತೊಗಟೆಯವರಿಗೆ ಆ ಖರ್ಚು ಯಾಕೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಆ ಸಂಖ್ಯೆ 30ಕ್ಕಿಂತಲೂ ಕೆಳಗಿದೆ. ಕಾರಣಗಳ ಪಟ್ಟಿಯಲ್ಲಿ ಚಿಕಿತ್ಸೆ ಅರ್ಧಕ್ಕೆ ಬಿಡುವುದೂ ಸೇರಿದೆ. ಆ ಅರ್ಧಕ್ಕೆ ಬಿಟ್ಟವರ ಮನೆಯಲ್ಲಿ ಕೂತು ಕಾಫಿ ಕುಡಿದು ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಪ್ಲೇಟ್‌ಲೆಟ್ ಏರಲಿ ಎಂದು ಪಪ್ಪಾಯಿ ಎಲೆ ಹಿಡಿದು ಹೊರಟಿರುವ ದೊಡ್ಡಪ್ಪನವರೇ, ಎಲೆ ಅಲ್ಲೇ ಇಡಿ. ವಯಸ್ಸು ಅರವತ್ತು ದಾಟಿಲ್ಲ, ತೂಕ ಐವತ್ತು ಕಿಲೋ ಮೇಲಿದೆ, ಆರೋಗ್ಯ ಸರಿಯಿದೆ ಎಂದಾದರೆ ನಿಮ್ಮ ತೋಳಿನಲ್ಲೇ ಪ್ಲೇಟ್‌ಲೆಟ್ ಇದೆ. ದಾನಿಯಿಂದ ತೆಗೆದದ್ದನ್ನು ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗದ ಕಾರಣ ರಕ್ತನಿಧಿಗೆ ದಿನವೂ ಹೊಸಬರು ಬೇಕು. ನಾಳೆ ಬೆಳಿಗ್ಗೆ ತಿಂಡಿ ತಿಂದು ಹೊರಡಿ.