ಸ್ವಯಂಕೃತ ಕ್ಷಾಮ ಮೀಮಾಂಸೆ ಅಥವಾ ಎಂಟುನೂರು ಕ್ಯಾಲೊರಿಯ ಅಳಿಯ

ಪೀಠಿಕೆ

ಕ್ಷಾಮದಲ್ಲಿ ಎರಡು ಬಗೆ. ದೇವರು ಕೊಡುವುದು ಒಂದು, ಮೊಬೈಲು ಕೊಡುವುದು ಇನ್ನೊಂದು. ಮೊದಲನೆಯದು ಬರಬೇಕಾದರೆ ಮಳೆ ಕೈಕೊಡಬೇಕು, ಮಂಡಿಯವರು ಧಾನ್ಯ ಬಚ್ಚಿಡಬೇಕು, ಸರ್ಕಾರ ಕಣ್ಣು ಮುಚ್ಚಬೇಕು; ಕೆಲಸ ಬಹಳ. ಎರಡನೆಯದಕ್ಕೆ ಪ್ಯಾಂಟಿನ ಒಂದು ಗುಂಡಿ ಕಿತ್ತುಬಂದರೆ ಸಾಕು. ಫ್ರಿಜ್ಜಿನಲ್ಲಿ ಹಾಲು, ಮೊಸರು, ನಿನ್ನೆಯ ಹುಳಿ ಇದ್ದೂ, ಬಡಿಸುವವರು ಸೌಟು ಹಿಡಿದು ನಿಂತಿದ್ದೂ, ಹೊಟ್ಟೆ ತಾಳ ಹಾಕುತ್ತಿದ್ದೂ ಉಣ್ಣದೆ ಕೂತವನ ಸ್ಥಿತಿಗೆ ಪ್ರಸ್ತುತ ಪ್ರಬಂಧದಲ್ಲಿ ‘ಸ್ವಯಂಕೃತ ಕ್ಷಾಮ’ ಎಂಬ ಪಾರಿಭಾಷಿಕ ಪದ ಬಳಸಲಾಗಿದೆ. ಅಧ್ಯಯನದ ಅವಧಿ 19 ದಿನ. ಪ್ರಯೋಗಪಶು ಒಂದು, ಅದು ಸಂಶೋಧಕನೇ. ಮಾರ್ಗದರ್ಶಕರು ಇರಲಿಲ್ಲ. ಊರಿಂದ ಬಂದಿದ್ದ ಅತ್ತೆ ಇದ್ದರು.

ಕ್ಷೇತ್ರ ಪರಿಚಯ

ಇಂಥ ಅಧ್ಯಯನಕ್ಕೆ ಚೆನ್ನೈನ ಪಲ್ಲಾವರಮ್ಮೇ ಏಕೆ ಎಂದು ಪರೀಕ್ಷಕರು ಕೇಳಬಹುದು. ಬಾಡಿಗೆ ಮನೆ ಅಲ್ಲಿತ್ತು ಎಂಬುದು ನಿಜವಾದ ಉತ್ತರ. ಶಾಸ್ತ್ರೀಯ ಉತ್ತರಗಳು ಮೂರು.

ಒಂದು: 1863ರ ಮೇ 30ರಂದು, ಮದರಾಸಿನ ಆ ಬಿಸಿಲಲ್ಲಿ, ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು ಇಲ್ಲಿನ ದಂಡುಪ್ರದೇಶದ ಜಲ್ಲಿಗುಂಡಿಯಿಂದ ಒಂದು ಕಲ್ಲು ಎತ್ತಿಕೊಂಡರು. ಅದು ಹಳೆ ಶಿಲಾಯುಗದ ಮನುಷ್ಯ ಕೆತ್ತಿದ ಕೈಗೊಡಲಿ. ಭಾರತದ ಪ್ರಾಗಿತಿಹಾಸ ಶಾಸ್ತ್ರ ಶುರುವಾದದ್ದೇ ಆ ಕಲ್ಲಿನಿಂದ. ಮುಂದೆ ಇದೇ ಸಾಹೇಬರು ನಮ್ಮ ಬಳ್ಳಾರಿ, ರಾಯಚೂರು ಸೀಮೆಯಲ್ಲೂ ಕಲ್ಲು ಹೆಕ್ಕುತ್ತ ತಿರುಗಿದರು. ಕೊಡಲಿ ಹಿಡಿದ ಆ ಮನುಷ್ಯ ಬೇಟೆ ಸಿಕ್ಕ ದಿನ ಉಂಡ, ಸಿಗದ ದಿನ ಉಪವಾಸವಿದ್ದ. ಅವನ ಕೊಡಲಿ ಮ್ಯೂಸಿಯಂ ಸೇರಿತು; ಅವನ ಹೊಟ್ಟೆ ನಮಗೆ ಬಂತು.

ಎರಡು: ಪಲ್ಲಾವರದ ಗುಡ್ಡದಲ್ಲಿ 7ನೇ ಶತಮಾನದ ಪಲ್ಲವ ರಾಜ ಮೊದಲನೇ ಮಹೇಂದ್ರವರ್ಮ ಕೊರೆಸಿದ ಗುಹೆಯಿದೆ; ಈಗ ಅದು ದರ್ಗಾ. ಈ ರಾಜ ಸಂಸ್ಕೃತದಲ್ಲಿ ‘ಮತ್ತವಿಲಾಸ’ ಎಂಬ ಪ್ರಹಸನ ಬರೆದವನು. ಕಾಪಾಲಿಕನೊಬ್ಬ ತನ್ನ ಭಿಕ್ಷಾಪಾತ್ರೆ ಕಳೆದುಕೊಂಡು ಊರೆಲ್ಲ ಜಗಳವಾಡುತ್ತ ತಿರುಗುವುದು ಅದರ ಕತೆ. ಮಾಂಸದ ವಾಸನೆಗೆ ನಾಯಿ ಅದನ್ನು ಕಚ್ಚಿಕೊಂಡು ಹೋಗಿರುತ್ತದೆ. ಖಾಲಿ ಬಟ್ಟಲಿಗೂ ಅಣಕಕ್ಕೂ ಈ ನೆಲದಲ್ಲಿ ಇಷ್ಟು ಹಳೆಯ ನಂಟಿದೆ ಎಂದಮೇಲೆ ಪ್ರಸ್ತುತ ಪ್ರಬಂಧಕ್ಕೆ ರಾಜಮಾನ್ಯತೆ ಇದೆಯೆಂದೇ ತಿಳಿಯಬೇಕು.

ಮೂರು: ಕನ್ನಡಿಗರು ಈ ಕಡೆ ಬಂದದ್ದು ಹೊಸತಲ್ಲ. ಇಮ್ಮಡಿ ಪುಲಿಕೇಶಿ ಇದೇ ಮಹೇಂದ್ರವರ್ಮನ ಮೇಲೆ ದಂಡು ಕಟ್ಟಿಕೊಂಡು ಬಂದ; ಪಲ್ಲವರ ದೊರೆ ಕಂಚಿಯ ಕೋಟೆಯೊಳಗೆ ಅಡಗಿದ ಎಂದು 634ರ ಐಹೊಳೆ ಶಾಸನ ಕೊಚ್ಚಿಕೊಳ್ಳುತ್ತದೆ. ಸಂಶೋಧಕ ಬಂದದ್ದು ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ. ಅಡಗಿದವನೂ ಅವನೇ.

ಉಪಕರಣ

ಪಲ್ಲಾವರದ ಹಳೇ ಟ್ರಂಕ್ ರಸ್ತೆಯಲ್ಲಿ ಪ್ರತಿ ಶುಕ್ರವಾರ ಸಂತೆ ನೆರೆಯುತ್ತದೆ. ಹಳೆಯ ಫ್ಯಾನು, ಒಂಟಿ ಬೂಟು, ಗುಲಾಬಿ ಗಿಡ, ಪಾರಿವಾಳ, ಯಾರದೋ ಮದುವೆಯ ಫೋಟೋ ಫ್ರೇಮು, ಎಲ್ಲ ಒಂದೇ ಟಾರ್ಪಾಲಿನ ಮೇಲೆ. ಅಲ್ಲಿ ನೂರೈವತ್ತು ರೂಪಾಯಿಗೆ ಒಂದು ಮುಳ್ಳಿನ ತೂಕದ ಯಂತ್ರ ಸಿಕ್ಕಿತು. ಸರಿಯಾಗಿ ತೋರಿಸುತ್ತದೆಯೇ ಎಂದು ಕೇಳಿದ್ದಕ್ಕೆ ವ್ಯಾಪಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಡ್ಜಸ್ಟ್ ಪಣ್ಣಿಕೋಂಗ ಸಾರ್” ಎಂದ. ಉಪಕರಣ ದೋಷದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಹೇಳಿಕೆ ಬೇರೆ ಯಾವ ಪ್ರಬಂಧದಲ್ಲೂ ಸಿಗಲಾರದು.

ಎರಡನೆಯ ಉಪಕರಣ ಮೊಬೈಲಿನ ಆ್ಯಪ್. ಎಷ್ಟು ಬೇಗ ಇಳಿಯಬೇಕು ಎಂದು ಅದು ಕೇಳಿತು. ತಂಗಿಯ ಮಗನ ಮುಂಜಿಯೊಳಗೆ ಎಂದೆ. ದಿನಕ್ಕೆ 800 ಕ್ಯಾಲೊರಿ ಎಂದು ಮಂಜೂರು ಮಾಡಿತು. ಬೆಳಗ್ಗೆ ನೀರಲ್ಲಿ ಬೇಯಿಸಿದ ಓಟ್ಸ್, ಮಧ್ಯಾಹ್ನ ಒಂದು ಚಪಾತಿ ಮತ್ತು ಸೌತೆಕಾಯಿ, ರಾತ್ರಿ ಸೂಪು ಎಂಬ ಹೆಸರಿನ ಬಿಸಿನೀರು.

ಪೂರ್ವಸೂರಿಗಳು

ಕ್ಯಾಲೊರಿ ಎಣಿಸಿ ತೆಳ್ಳಗಾಗುವ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದವರು ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್. ಅವರ ಪುಸ್ತಕ ಬಂದದ್ದು 1918ರಲ್ಲಿ. ಅದೇ ವರ್ಷ ಮದರಾಸು ಪ್ರಾಂತ್ಯದ ಕೂನೂರಿನಲ್ಲಿ ಡಾಕ್ಟರ್ ಮೆಕ್‌ಕ್ಯಾರಿಸನ್, ಪಾಲಿಶ್ ಅಕ್ಕಿ ಉಂಡವರಿಗೆ ಬೆರಿಬೆರಿ ಏಕೆ ಬರುತ್ತದೆಂದು ಒಂದು ಕೋಣೆಯಲ್ಲಿ ಕೂತು ಹುಡುಕತೊಡಗಿದರು. ಆ ಕೋಣೆಯೇ ಬೆಳೆದು ಈಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, ಹೆಂಗಸಿಗೆ 1,660 ಬೇಕೆಂದು 2020ರಲ್ಲಿ ಅಲ್ಲಿಂದ ಲೆಕ್ಕ ಬಂತು. ಆ್ಯಪ್ ಇದನ್ನು ಓದಿರಲಿಲ್ಲ. ನಾನು ಓದಿದ್ದೆ, ಅದು ಬೇರೆಯವರಿಗೆ ಎಂದುಕೊಂಡಿದ್ದೆ.

ಈ ಶಾಸ್ತ್ರದ ನಿಜವಾದ ಮೂಲಪುರುಷ ಮಾತ್ರ ಸರ್ ರಿಚರ್ಡ್ ಟೆಂಪಲ್. ನಮ್ಮ ಕಡೆ ಧಾತು ಈಶ್ವರ ಬರ ಎಂದು ಅಜ್ಜಿಯರು ಹೇಳುತ್ತಿದ್ದ 1876-78ರ ಕ್ಷಾಮದಲ್ಲಿ, ವೈಸರಾಯರು ಈತನನ್ನು ಖರ್ಚು ಇಳಿಸಲು ಮದರಾಸಿಗೆ ಕಳಿಸಿದರು. 1877ರ ಜನವರಿಯಲ್ಲಿ ಈತ ಪರಿಹಾರ ಕಾಮಗಾರಿಯ ಕೂಲಿಯನ್ನು ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಇಳಿಸಿದ. ಮೇಲೆ ಚಿಲ್ಲರೆ ಕಾಸು. ಇದು ಮಣ್ಣು ಹೊರುವವನ ಹೊಟ್ಟೆಗೆ ಸಾಲದು ಎಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಪಟ್ಟುಹಿಡಿದು ಬರೆದರು. ಕೆಲವೇ ತಿಂಗಳಲ್ಲಿ ಪ್ರಮಾಣ ಏರಿಸಬೇಕಾಯಿತು. ಅಷ್ಟರಲ್ಲಿ ಹೋದವರು ಹೋಗಿದ್ದರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಇದರಲ್ಲಿ ನಗುವುದಕ್ಕೇನೂ ಇಲ್ಲ. ಆದರೆ ಲೆಕ್ಕ ಹಾಕಬಹುದು: 450 ಗ್ರಾಂ ಅಕ್ಕಿಗೆ ಸುಮಾರು 1,600 ಕ್ಯಾಲೊರಿ. ಇತಿಹಾಸ ಇಂದಿಗೂ ಶಪಿಸುವ ಆ ಕೂಲಿಯ ಅರ್ಧವನ್ನು ಸಂಶೋಧಕ ವರ್ಷದ ಚಂದಾ ಕಟ್ಟಿ, ಒಟಿಪಿ ಒತ್ತಿ, ಸ್ವಂತಕ್ಕೆ ಮಂಜೂರು ಮಾಡಿಸಿಕೊಂಡಿದ್ದ.

ಇನ್ನೊಂದು ಆಕರ ಮಿನೆಸೋಟಾ ವಿಶ್ವವಿದ್ಯಾಲಯದ್ದು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಲು 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಬಂದೂಕು ಹಿಡಿಯಲೊಪ್ಪದ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟ. ಅವರಿಗೆ ಸಿಕ್ಕದ್ದು ಸುಮಾರು 1,570 ಕ್ಯಾಲೊರಿ. ಟೆಂಪಲ್ ಸಾಹೇಬನ ಅಕ್ಕಿಗೂ ಇದಕ್ಕೂ ಕೂದಲೆಳೆಯ ಅಂತರ. ತೂಕ ಕಾಲುಭಾಗ ಇಳಿಯಿತು. ಜೊತೆಗೆ ಎದೆಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯಾಯಿತು, ಮಾತುಮಾತಿಗೆ ಸಿಡುಕು ಬಂತು. ತಟ್ಟೆ ನೆಕ್ಕಿದರು. ಅಡುಗೆ ಪುಸ್ತಕ ಗುಡ್ಡೆಹಾಕಿಕೊಂಡು ಕಾದಂಬರಿಯಂತೆ ಓದಿದರು.

ಕ್ಷೇತ್ರಕಾರ್ಯ

ದಿನ 1-3: ಉತ್ಸಾಹ. ಸಿಕ್ಕವರಿಗೆಲ್ಲ ಉಪದೇಶ. ಆಫೀಸಿನಲ್ಲಿ ಇಬ್ಬರು ಊಟದ ಮೇಜು ಬದಲಿಸಿದರು.

ದಿನ 4-7: ಮುಳ್ಳು ನಾಲ್ಕು ಕಿಲೋ ಹಿಂದೆ ಸರಿಯಿತು. ಜಯಭೇರಿ. ಶರೀರ ಕೂಡಿಟ್ಟ ಗ್ಲೈಕೊಜೆನ್ ಮೊದಲು ಕರಗುತ್ತದೆ, ಅದರ ಒಂದೊಂದು ಗ್ರಾಮಿನ ಜೊತೆಗೂ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ, ಮೊದಲ ವಾರದ ಇಳಿಕೆಯಲ್ಲಿ ಬಹುಪಾಲು ನೀರೇ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆ ಸಂತೋಷದಲ್ಲಿ ಅದನ್ನು ಕೇಳುವವರು ಯಾರು?

ದಿನ 8-14: ಬೀಚ್-ತಾಂಬರಂ ಲೋಕಲ್ ರೈಲಿನಲ್ಲಿ ಕೂತು ಅಕ್ಕಿ ರೊಟ್ಟಿ ತಟ್ಟುವ ವಿಡಿಯೊ ನೋಡುವ ಚಟ ಹತ್ತಿತು. ಮಿನೆಸೋಟಾದ ಯುವಕರಿಗೆ ಅಡುಗೆ ಪುಸ್ತಕ, ಸಂಶೋಧಕನಿಗೆ ಯೂಟ್ಯೂಬ್. ಏಪ್ರಿಲ್ ತಿಂಗಳ ಚೆನ್ನೈನಲ್ಲಿ ಫ್ಯಾನ್ ಆರಿಸಿ ಹೊದ್ದು ಮಲಗಿದಾಗ ಹೆಂಡತಿ, “ರೀ, ನಿಮಗೆ ಜ್ವರಾನಾ?” ಎಂದಳು. ಅಲ್ಲ, ವಿಜ್ಞಾನ ಎಂದೆ. ಮಲಬದ್ಧತೆಯ ವಿವರಗಳನ್ನು ಶಿಷ್ಟಾಚಾರದ ದೃಷ್ಟಿಯಿಂದ ಕೈಬಿಡಲಾಗಿದೆ.

ದಿನ 19: ಪಲ್ಲಾವರಂ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು. ಹನ್ನೊಂದನೆಯದರಲ್ಲಿ ಕಣ್ಣು ಕತ್ತಲೆ ಕಟ್ಟಿ ಕಂಬಿ ಹಿಡಿದು ಕೂತೆ. ಪಕ್ಕದಲ್ಲಿ ಮಲ್ಲಿಗೆ ಮೊಳ ಹಾಕುತ್ತಿದ್ದ ಮುದುಕಿ ಬಗ್ಗಿ ನೋಡಿ, “ಸಾಪ್ಟಿಯಾಪ್ಪಾ?” ಎಂದಳು. ತಮಿಳರು ಯೋಗಕ್ಷೇಮ ಕೇಳುವುದು ಹೀಗೆ. ನಾವೂ ಅಷ್ಟೆ: ಊಟ ಆಯ್ತಾ? ಎರಡೂ ಭಾಷೆಯಲ್ಲಿ ಕುಶಲಪ್ರಶ್ನೆ ಒಂದೇ ಇರುವಾಗ ಎರಡರಲ್ಲೂ ಉತ್ತರ ಕೊಡಲಾಗದ ಪ್ರಾಣಿ ನಾನಾಗಿದ್ದೆ. ಆಕೆ ತನ್ನ ಡಬ್ಬಿ ತೆರೆದು ಎರಡು ತುತ್ತು ಮೊಸರನ್ನ, ಒಂದು ಚೂರು ಮಾವಿನಕಾಯಿ ಉಪ್ಪಿನಕಾಯಿ ಮುಚ್ಚಳಕ್ಕೆ ಹಾಕಿಕೊಟ್ಟಳು. ಬೆರಳಲ್ಲಿ ಹೂವಿನ ನಾರು ಇನ್ನೂ ಸುತ್ತಿಕೊಂಡೇ ಇತ್ತು. ಆಮೇಲೆ ಆ್ಯಪ್‌ನಲ್ಲಿ ದಾಖಲಿಸಲು ಹೋದರೆ ‘ಒಂದು ಬಟ್ಟಲು’ ಇತ್ತು, ‘ಅರ್ಧ ಬಟ್ಟಲು’ ಇತ್ತು. ಮುದುಕಿಯ ಕೈಯಳತೆ ಇರಲಿಲ್ಲ.

ಸಂಜೆ ಬೀದಿ ಕೊನೆಯ ಡಾಕ್ಟರು ನಾಡಿ ಹಿಡಿದು ಕೇಳಿದರು: “ಎಂಟುನೂರು ಅಂತ ಯಾರು ಹೇಳಿದ್ದು?” ಆ್ಯಪ್ ಎಂದೆ. “ಅದಕ್ಕೆ ನಾಡಿ ನೋಡೋಕೆ ಬರುತ್ತಾ?”

ಶಾನುಭೋಗ ಸಿದ್ಧಾಂತ

ಈ ಅನುಭವದಿಂದ ಹೊಮ್ಮಿದ ಸಿದ್ಧಾಂತ ಇದು. ಶರೀರಕ್ಕೆ ‘ಡಯಟ್’ ಎಂಬ ಪದ ಗೊತ್ತಿಲ್ಲ. ಕೈಗೊಡಲಿಯ ಕಾಲದಿಂದ ಅದಕ್ಕೆ ಗೊತ್ತಿರುವ ಪದ ಒಂದೇ: ಬರ. ಅನ್ನ ಏಕೆ ಬರಲಿಲ್ಲ ಎಂದು ಅದು ವಿಚಾರಿಸುವುದಿಲ್ಲ. ಮಳೆ ಹೋಯಿತೋ, ಮುಂಜಿಗೆ ಹೊಸ ಪ್ಯಾಂಟು ಹೊಲಿಸಿದೆಯೋ, ಅದಕ್ಕೆ ಎರಡೂ ಒಂದೇ. ಒಳಗೆ ಕೂತ ಶಾನುಭೋಗ ಕನ್ನಡಕ ಏರಿಸಿ ಖರ್ಚಿನ ಪುಸ್ತಕ ತೆಗೆಯುತ್ತಾನೆ.

ಮೊದಲು ಬೆಚ್ಚಗಿಡುವ ಸೌದೆಗೆ ಕತ್ತರಿ, ಅದೇ ಚಳಿ. ಥೈರಾಯ್ಡ್ ತಗ್ಗಿಸಿ ಇಡೀ ಮನೆಯ ದೀಪ ಸಣ್ಣದು ಮಾಡುತ್ತಾನೆ. ಹೆಂಗಸರಲ್ಲಿ ಮುಟ್ಟು ನಿಲ್ಲಿಸಿಬಿಡುತ್ತಾನೆ. ಬರಗಾಲದಲ್ಲಿ ಬಸಿರು ಬೇಡವೆಂಬುದು ಅವನ ತೀರ್ಮಾನ. ಅದು ಹಾಗೇ ಉಳಿದರೆ ಮೂಳೆ ಸವೆಯುತ್ತದೆ. ಕೂದಲಿನ ಲೆಕ್ಕ ಮಾತ್ರ ಉದ್ರಿ: ಇವತ್ತಿನ ಉಪವಾಸಕ್ಕೆ ಅದು ಉದುರುವುದು ಎರಡು ಮೂರು ತಿಂಗಳ ಮೇಲೆ, ಆಗ ಎಲ್ಲರೂ ಶಾಂಪೂವನ್ನು ಬೈಯುತ್ತಾರೆ. ಜಿಡ್ಡಿನ ಊಟ ಬಾರದೆ ಪಿತ್ತಕೋಶಕ್ಕೆ ಹಿಂಡುವ ಕೆಲಸವಿಲ್ಲ. ಪಿತ್ತ ನಿಂತಲ್ಲೇ ನಿಂತು, ಕೊಬ್ಬು ಸರಸರ ಕರಗಿದವರಲ್ಲಿ ಕಲ್ಲುಗಟ್ಟುತ್ತದೆ. ಫೂಟ್ ಸಾಹೇಬರಿಗೆ ಸಿಗದ ಕಲ್ಲು ಇದು.

ಎಲ್ಲಕ್ಕಿಂತ ದೊಡ್ಡ ನಷ್ಟ ಮಾಂಸಖಂಡದ್ದು. ಬರ ಬಂದಾಗ ರೈತ ಎತ್ತು ಮಾರುತ್ತಾನೆ, ಮೇವಿನ ಖರ್ಚು ಉಳಿಯಲೆಂದು. ಶಾನುಭೋಗನೂ ಕೊಬ್ಬಿನ ಕಣಜವನ್ನು ಅಷ್ಟಿಷ್ಟು ತೆಗೆಯುತ್ತ, ಜೊತೆಗೇ ಎತ್ತುಗಳನ್ನು ಸಂತೆಗೆ ಹೊಡೆಯುತ್ತಾನೆ. ಮಳೆ ಬಂದು ಅನ್ನ ಮತ್ತೆ ಸಿಕ್ಕಾಗ ಉಳಲು ಎತ್ತಿಲ್ಲ, ಬಂದದ್ದೆಲ್ಲ ಕಣಜಕ್ಕೆ. ಇಳಿದ ತೂಕ ಬಡ್ಡಿಸಮೇತ ಹಿಂದಿರುಗುವ ರಹಸ್ಯ ಇದೇ. ಪೊಟ್ಯಾಸಿಯಂ ಮೊದಲಾದ ಲವಣಗಳ ಲೆಕ್ಕ ತಪ್ಪಿದರೆ ಎದೆಬಡಿತದ ತಾಳವೇ ತಪ್ಪುತ್ತದೆ. 1970ರ ದಶಕದ ಅಮೆರಿಕದಲ್ಲಿ ಬರೀ ದ್ರವರೂಪದ ಪ್ರೋಟೀನ್ ಕುಡಿದು ಸಣ್ಣಗಾದ ಹಲವರು ಹೀಗೆ ಹಠಾತ್ತನೆ ಸತ್ತರು.

ಪೂರ್ವಪಕ್ಷ ಮತ್ತು ಖಂಡನೆ

ಒಂದು ಹೊತ್ತು ಉಂಡವ ಯೋಗಿ ಎಂಬ ಗಾದೆ ಇದೆಯಲ್ಲ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಇದೆ. ಯೋಗಿಗೆ ಒಂಬತ್ತು ಗಂಟೆಯ ಆಫೀಸಿಲ್ಲ. ಏಕಾದಶಿ ಇಲ್ಲವೇ? ಇದೆ, ಅದರ ಬೆನ್ನಿಗೆ ದ್ವಾದಶಿ ಇದೆ. ದ್ವಾದಶಿಯಿಲ್ಲದ ಏಕಾದಶಿಯನ್ನು ಕಂಡುಹಿಡಿದದ್ದು ಆ್ಯಪ್‌. ದೀರ್ಘ ಉಪವಾಸದ ಪಾರಣೆಯೂ ಹುಷಾರಿನ ಕೆಲಸ: ಬಹುದಿನ ಹಸಿದ ಮೈಗೆ ಒಮ್ಮೆಲೇ ಸುರಿದರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಬರುತ್ತದೆ.

800ಕ್ಕಿಂತ ಕಡಿಮೆ ಕ್ಯಾಲೊರಿಯ ಪಥ್ಯವನ್ನು ಡಾಕ್ಟರುಗಳೇ ಕೊಡುವುದಿಲ್ಲವೇ? ಕೊಡುತ್ತಾರೆ; ತೀರಾ ದಪ್ಪಗಿರುವವರಿಗೆ, ಕೆಲವೇ ವಾರ, ರಕ್ತ ಪರೀಕ್ಷೆ ಮಾಡಿಸುತ್ತ, ಕಣ್ಣಳತೆಯಲ್ಲಿಟ್ಟುಕೊಂಡು. ಉಳಿದವರು ದಿನದ ಊಟದಲ್ಲಿ ಐನೂರು ಕ್ಯಾಲೊರಿಯಷ್ಟು ಕಡಿಮೆ ಮಾಡಿ, ವಾರಕ್ಕೆ ಅರ್ಧ ಕಿಲೋ ಇಳಿದರೆ ಶಾನುಭೋಗನಿಗೆ ಅಷ್ಟಾಗಿ ಗಾಬರಿಯಾಗುವುದಿಲ್ಲ. ಈ ಮಾತಿನಲ್ಲಿ ಸ್ವಾರಸ್ಯವಿಲ್ಲದ್ದರಿಂದ ಯಾರೂ ಇದರ ಆ್ಯಪ್ ಮಾಡುವುದಿಲ್ಲ.

ಉಪಸಂಹಾರ

ಮುಂದಿನ ಶುಕ್ರವಾರ ಯಂತ್ರ ವಾಪಸು ಕೊಡಲು ಸಂತೆಗೆ ಹೋದೆ. ಡಾಕ್ಟರ ತೂಕದ ಯಂತ್ರಕ್ಕೂ ಇದಕ್ಕೂ ಎರಡು ಕಿಲೋ ತಾಳೆಯಾಗಿರಲಿಲ್ಲ. ವ್ಯಾಪಾರಿ ಪಕ್ಕದ ಗುಜರಿಯವನಿಂದ ಐದು ಕಿಲೋ ತೂಕದ ಕಲ್ಲು ಎರವಲು ತಂದು ಮೇಲಿಟ್ಟ. ಮುಳ್ಳು ಮೂರು ತೋರಿಸಿತು. 1863ರ ನಂತರ ಪಲ್ಲಾವರದಲ್ಲಿ ಕಲ್ಲೊಂದು ಶಾಸ್ತ್ರಕ್ಕೆ ಉಪಕಾರ ಮಾಡಿದ್ದು ಬಹುಶಃ ಇದೇ ಎರಡನೇ ಸಲ. ಯಂತ್ರ ಮಗುಚಿ ಅಡಿಯ ಸಣ್ಣ ಚಕ್ರ ತೋರಿಸಿ ಆತ ಹೇಳಿದ: ಇದನ್ನು ಯಾರೋ ತಿರುಗಿಸಿದ್ದಾರೆ ಸಾರ್, ನಾನು ಕೊಟ್ಟಾಗ ಸರಿಯಿತ್ತು.

ಮನೆಗೆ ಬಂದಾಗ ಅತ್ತೆ ಕರಿಬೇವು ಬಿಡಿಸುತ್ತ ಕೂತಿದ್ದರು. ಚಕ್ರದ ವಿಷಯ ಎತ್ತಿದೆ. ತಲೆಯೆತ್ತದೆ ಹೇಳಿದರು: “ಮುಳ್ಳು ಒಂಚೂರು ಹಿಂದೆ ಹೋದ್ರೆ ನಿಮ್ಮ ಮುಖ ಅರಳ್ತಿತ್ತು ಅಳಿಯಂದ್ರೇ. ಮುಖ ಅರಳಿದ ದಿನ ಒಂದು ಚಪಾತಿ ಜಾಸ್ತಿ ಹಾಕಿದ್ರೆ ಸುಮ್ನೆ ತಿಂತಿದ್ರಿ.”

ಇಳಿದ ನಾಲ್ಕು ಕಿಲೋದಲ್ಲಿ ಎರಡು ನೀರು, ಎರಡು ಅತ್ತೆ. ದತ್ತಾಂಶ ತಿದ್ದುವುದು ಸಂಶೋಧನಾ ಧರ್ಮಕ್ಕೆ ವಿರುದ್ಧ, ಇದರಿಂದ ಇಡೀ ಪ್ರಬಂಧವೇ ಬಿದ್ದುಹೋಗುತ್ತದೆ, ಆದರೂ ನಿಮ್ಮ ಹೆಸರನ್ನು ಸಹಲೇಖಕಿಯೆಂದು ಹಾಕುತ್ತೇನೆ ಎಂದು ವಿವರಿಸತೊಡಗಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

“ಅದೆಲ್ಲ ಆಮೇಲೆ ಬರ್ಕೊಳ್ಳಿ. ಎಲೆ ಹಾಕಿದೆ.”