ಮಜ್ಜಿಗೆ ಬಿಟ್ಟವನ ಎದೆಯುರಿ

ಎದೆ ಉರಿಯುತ್ತೆ ಅಂತ ನಮ್ಮ ಸೀಮೆಯಲ್ಲಿ ಯಾರ ಮುಂದಾದರೂ ಬಾಯಿಬಿಟ್ಟು ನೋಡಿ. ಮಧುಗಿರಿಯವರಾದರೆ ತಣ್ಣನೆ ಹಾಲು ಕುಡಿಯಿರಿ ಅನ್ನುತ್ತಾರೆ. ಕೊರಟಗೆರೆಯವರು ನೀರುಮಜ್ಜಿಗೆಗೆ ಒಂದು ಚಿಟಿಕೆ ಇಂಗು ಹಾಕಿಸುತ್ತಾರೆ. ಶಿರಾದವರು ಮೊಸರನ್ನಕ್ಕೆ ಕೂರಿಸುತ್ತಾರೆ. ಪಾವಗಡದವರು ಮಲಗೋ ಮುಂಚೆ ಒಂದು ಚಮಚ ತುಪ್ಪ ನೆಕ್ಕಿಬಿಡಿ, ಬೆಳಿಗ್ಗೆಗೆ ಸರಿಹೋಗುತ್ತೆ ಅನ್ನುತ್ತಾರೆ. ಈ ನಾಲ್ಕು ತಾಲ್ಲೂಕು ಸೇರಿದರೆ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕೂ ಕಡೆ ಕನ್ನಡ ಮೇಷ್ಟ್ರಾಗಿ ಮಣ್ಣು ಹೊತ್ತವನು ನಾನು. ವರ್ಗವಾಗಿ ಎಲ್ಲಿಗೆ ಹೋದರೂ ಪಠ್ಯಪುಸ್ತಕ ಒಂದೇ ಇರುತ್ತಿತ್ತು. ಎದೆಯುರಿಯ ಮದ್ದೂ ಅಷ್ಟೇ. ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಹಸುವಿನ ಕೆಚ್ಚಲ ಬುಡಕ್ಕೆ. ನಾನೋ, ಆ ಕೆಚ್ಚಲಿನ ಸಹವಾಸವನ್ನೇ ಬಿಟ್ಟವನು.

ಬಿಟ್ಟಿದ್ದಕ್ಕೆ ದೊಡ್ಡ ತತ್ವವೇನೂ ಇಲ್ಲ. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗ ಮಕ್ಕಳನ್ನು ಸಾಲಾಗಿ ಕೂರಿಸಿ, ಹಾಲಿನ ಪುಡಿ ಕದಡಿಸಿ, ತಲೆಗೆ 150 ಮಿಲಿಲೀಟರಿನಂತೆ ಕುಡಿಸಿದವನು ನಾನೇ. ಮೂಗು ಹಿಡಿದುಕೊಂಡ ಹುಡುಗರಿಗೆ "ಮೂಳೆ ಗಟ್ಟಿಯಾಗ್ತವೆ ಕಣ್ರೋ, ಕುಡೀರೋ" ಅಂತ ಗದರಿದ್ದೂ ಉಂಟು. ನಿವೃತ್ತಿಯಾಗಿ ಬಡವನಹಳ್ಳಿ ಕಡೆಯ ನಮ್ಮೂರಿಗೆ ಬಂದು ನೆಲೆಸಿದ ಮೇಲೆ ಪಕ್ಕದ ಮನೆಯ ಸೀಮೆಹಸು ಗಂಡುಕರು ಹಾಕಿತು. ಡೇರಿಯ ಪುಸ್ತಕದಲ್ಲಿ ಗಂಡುಕರುವಿಗೆ ಕಾಲಂ ಇಲ್ಲ. ಅದನ್ನು ತಂದು ಹಿತ್ತಲಿನ ಹುಣಸೆಮರಕ್ಕೆ ಕಟ್ಟಿದರು. ರಾತ್ರಿಯೆಲ್ಲ ಅಂಬಾ ಅನ್ನುತ್ತಿತ್ತು. ಒಂದು ಬೆಳಿಗ್ಗೆ ಸದ್ದಿಲ್ಲ. ಹೋಗಿ ನೋಡಿದರೆ ಮರದಲ್ಲಿ ಹಗ್ಗ ಮಾತ್ರ ಇತ್ತು. ಅವತ್ತು ಕಾಫಿಯನ್ನು ಕಪ್ಪಗೇ ಕುಡಿದೆ, ಆಮೇಲೆ ಅದೇ ರೂಢಿಯಾಯಿತು. ಬೆಂಗಳೂರಿನ ಮಗಳು ಫೋನಿನಲ್ಲಿ "ಅಪ್ಪಾ, ಹಾಗಾದ್ರೆ ನೀವೀಗ ವೀಗನ್" ಅಂತ ನಾಮಕರಣ ಮಾಡಿದಳು. 1944ರಲ್ಲಿ ಇಂಗ್ಲೆಂಡಿನಲ್ಲಿ ಈ ಪಂಗಡ ಕಟ್ಟಿದ ಡೊನಾಲ್ಡ್ ವಾಟ್ಸನ್ ಕೂಡ ಮೇಷ್ಟ್ರೇ ಅಂತೆ, ಮರಗೆಲಸ ಕಲಿಸುತ್ತಿದ್ದನಂತೆ. ತೊಂಬತ್ತೈದು ವರ್ಷ ಬದುಕಿದನಂತೆ. ಪಿಂಚಣಿ ತೆಗೆದುಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಊರಿನವರು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳುವುದಕ್ಕೆ ಏನಿದೆ? ರಾಗಿಮುದ್ದೆ, ಬಸ್ಸಾರು, ಉಪ್ಪುಸಾರು, ಹುರುಳಿಸಾರು, ಹುಚ್ಚೆಳ್ಳಿನ ಚಟ್ನಿ, ಇದರಲ್ಲಿ ಯಾವುದಕ್ಕೆ ಹಸುವಿನ ಅಪ್ಪಣೆ ಬೇಕು? ಈ ಬರದ ಸೀಮೆಯಲ್ಲಿ ಹಾಲು ಕರೆಯುವುದು ಡೇರಿಗೆ ಹಾಕುವುದಕ್ಕೆ. ಕರೆದವರು ಕುಡಿಯುವುದು ಲೋಟದ ತಳ ಕಾಣುವಂಥ ಟೀ. ಕಷ್ಟವಾಗಿದ್ದು ದೇವಸ್ಥಾನದಲ್ಲಿ ಮಾತ್ರ. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪ ನಾಲ್ಕಕ್ಕೂ ನನ್ನ ನಿಷೇಧ. ಗೊರವನಹಳ್ಳಿ ಲಕ್ಷ್ಮಮ್ಮನ ಗುಡಿಯಲ್ಲಿ ಕೈಯೊಡ್ಡದೆ ನಿಂತಿದ್ದ ನನ್ನನ್ನು ನೋಡಿ ಹಿಂದಿದ್ದವರೊಬ್ಬರು "ಸೂತಕವಾ ಸಾ?" ಅಂತ ಪಿಸುಗುಟ್ಟಿದರು. ಹೂಂ ಅಂದುಬಿಟ್ಟೆ. ವಿವರಿಸುತ್ತಾ ನಿಂತರೆ ಹಿಂದಿನ ಸಾಲು ಗೇಟು ದಾಟುತ್ತಿತ್ತು.

ಗಲಾಟೆ ಶುರುವಾಗಿದ್ದು ಎದೆ ಉರಿಯತೊಡಗಿದ ಮೇಲೆ.

ಉರಿಗೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ, ತಟ್ಟೆ ನೋಡಿದರೆ ಸಾಕಿತ್ತು. ಹಾಲು ಮೊಸರು ಹೋದ ಜಾಗದಲ್ಲಿ ನಾಲಿಗೆಗೆ ರುಚಿ ಏನಾದರೂ ಬೇಕಲ್ಲ, ಅಲ್ಲಿಗೆ ಹುಣಸೆಹಣ್ಣು, ಮೆಣಸಿನಕಾಯಿ, ಕಡಲೆಬೀಜ ಮೂವರೂ ಬಂದು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಮ್ಮ ಕಡೆ ರಸ್ತೆಯುದ್ದಕ್ಕೂ ಹುಣಸೆ, ಹೊಲದುದ್ದಕ್ಕೂ ಕಡಲೆಕಾಯಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಮರದ ಮೇಲೆ ಸಂಸಾರ ಮಾಡುತ್ತವೆಯೇ ಹೊರತು ಕಾಯಿಗೆ ಬಾಯಿ ಹಾಕುವುದಿಲ್ಲ. ಹಕ್ಕಿಗಿರುವ ವಿವೇಕ ಅದು.

ಪಾವಗಡದ ಕಡೆ ನಮ್ಮಕ್ಕನ ಮನೆ. ಅಲ್ಲಿಗೆ ಹೋದರೆ ಮೂರು ತಾಲ್ಲೂಕಿನ ಖಾರ ಒಂದೇ ಊಟದಲ್ಲಿ ಸಿಗುತ್ತದೆ. ಆಂಧ್ರದ ಗಡಿ ಹಿತ್ತಲಲ್ಲೇ ಇದೆ ನೋಡಿ. ಅಕ್ಕ ಮುದ್ದೆ ಕಟ್ಟುವುದನ್ನು ನೋಡಬೇಕು. ಕುದಿಯುವ ಪಾತ್ರೆಯನ್ನು ಕಾಲಲ್ಲಿ ಒತ್ತಿಹಿಡಿದು, ಕೋಲಿನಿಂದ ತೊಳಸಿ, ಒದ್ದೆ ಕೈಯಲ್ಲಿ ಮಣೆಯ ಮೇಲೆ ಹೊರಳಿಸಿ, ಹೊಗೆಯಾಡುತ್ತಿರುವಾಗಲೇ ತಟ್ಟೆಗೆ ಧಪ್ಪನೆ ಹಾಕುತ್ತಾಳೆ. ನಡುವೆ ಗುಳಿ ಮಾಡಿ ಸಾರು ಬಿಡುತ್ತಾಳೆ, ಅಂಚಿಗೆ ಕಡಲೆಬೀಜದ ಚಟ್ನಿ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ಅಗಿದರೆ ಅಕ್ಕನಿಗೆ ಅವಮಾನ. ಒಂದು ಮುದ್ದೆ ಒಳಗಿಳಿಯುವಷ್ಟರಲ್ಲಿ "ಇನ್ನರ್ಧ ಹಾಕಿಸ್ಕೊಳಪ್ಪ, ಮೊದಲೇ ಹಾಲಿಲ್ಲ ಮೊಸರಿಲ್ಲ, ಹೆಂಗ್ ಬದುಕ್ತೀಯ?" ಅನ್ನುತ್ತಾಳೆ. ಹಾಲು ಬಿಟ್ಟ ತಮ್ಮ ಉಪವಾಸ ಬಿದ್ದಿದ್ದಾನೆ ಅಂತಲೇ ಅವಳ ನಂಬಿಕೆ. ಆ ಕೊರತೆಯನ್ನೆಲ್ಲ ರಾಗಿಯಲ್ಲೇ ತುಂಬಿಸುತ್ತಾಳೆ. ಕೈ ತೊಳೆಯುವಷ್ಟರಲ್ಲಿ ಜಗಲಿಯ ಮೇಲೆ ಚಾಪೆ ಹಾಸಿ ದಿಂಬು ಇಟ್ಟಿರುತ್ತಾಳೆ. ಅಲ್ಲಿಂದ ಕೆಲವು ಮೈಲಿ ಆಚೆ ತಿರುಮಣಿಯ ಸೋಲಾರ್ ಪಾರ್ಕು, 2050 ಮೆಗಾವ್ಯಾಟ್. ಪಾಪ, ಅದು ಹೊತ್ತು ಮುಳುಗಿದರೆ ಬಂದ್. ನನ್ನದು ಹೊತ್ತು ಮುಳುಗಿದ ಮೇಲೇ ಶುರು.

ಅಕ್ಕ ಮಜ್ಜಿಗೆ ಚೊಂಬು ಹಿಡಿದು ಬಂದಳು. ಬೇಡ ಅಂದೆ. ಭಾವ ಎದ್ದು ಕೂತರು. "ಔಷಧಿಗೂ ವ್ರತವೇನಯ್ಯಾ?" ಅಂದರು. ನೆಂಟರಿಗೆಲ್ಲ ಫೋನು ಹೋಯಿತು. ಆರೋಗ್ಯವಾಗಿದ್ದಾಗ ಹಾಲು ಬಿಟ್ಟರೆ ಅದು ಮೇಷ್ಟ್ರ ಹುಚ್ಚು. ಉರಿ ಇಟ್ಟುಕೊಂಡು ಮಜ್ಜಿಗೆ ಬೇಡ ಅಂದರೆ ಅದು ಮನೆತನದ ಮರ್ಯಾದೆಯ ಪ್ರಶ್ನೆ.

ಡಾಕ್ಟರು ಮೊದಲು ಇಸಿಜಿ ಮಾಡಿಸಿದರು. ನಮ್ಮ ವಯಸ್ಸಿನವರು ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಅಂತ ಸೋಡ ಕುಡಿಯುತ್ತಾ ಕೂತು ಹೃದಯಾಘಾತವನ್ನು ಮನೆಯಲ್ಲೇ ಮುಗಿಸಿಕೊಂಡಿದ್ದನ್ನು ಅವರು ಬೇಕಾದಷ್ಟು ನೋಡಿದ್ದಾರಂತೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ನೋವು ತೋಳಿಗೋ ದವಡೆಗೋ ಹರಿದರೆ ಇಂಗು ಹುಡುಕಬೇಡಿ, ಗಾಡಿ ಹತ್ತಿ ಅಂದರು. ನನ್ನ ಹೃದಯ ಪಾಸಾಯಿತು. ಆಮೇಲೆ ಕಾಗದದ ಮೇಲೆ ಅನ್ನನಾಳ, ಜಠರ ಬರೆದು ಎರಡೂ ಕೂಡುವ ಕಡೆ ಒಂದು ಗೀಟು ಎಳೆದರು. ಅಲ್ಲೊಂದು ಸ್ನಾಯುವಿನ ಬಳೆ ಇದೆ. ತುತ್ತು ಬಂದಾಗ ತೆರೆದು, ಇಳಿದ ಮೇಲೆ ಮುಚ್ಚಿಕೊಳ್ಳಬೇಕು. ಹೊಟ್ಟೆ ಬಿರಿಯುವಂತೆ ಉಂಡರೆ, ಪಂಚೆಯನ್ನು ಬಿಗಿದು ಕಟ್ಟಿದರೆ, ಉಂಡ ಕೈ ಆರುವ ಮೊದಲೇ ಅಂಗಾತ ಮಲಗಿದರೆ ಅದು ಸಡಿಲವಾಗಿ ಒಳಗಿನ ಆಮ್ಲ ಮೇಲಕ್ಕೆ ಬರುತ್ತದೆ. ಜಿಡ್ಡು ಜಾಸ್ತಿಯಾದರೆ ಹೊಟ್ಟೆ ಖಾಲಿಯಾಗುವುದೂ ನಿಧಾನ. ಕಡಲೆಬೀಜದಲ್ಲಿ ಅರ್ಧದಷ್ಟು ಎಣ್ಣೆಯೇ ಅಂತ ನೆನಪಿಸಿದರು. ಕಪ್ಪು ಕಾಫಿಗೂ ಕತ್ತರಿ ಬಿತ್ತು.

"ಹಾಲು?" ಅಂತ ನಮ್ಮಾಕೆ ಕೇಳಿದಳು, ಸಾಕ್ಷಿ ಹೇಳಿಸುವ ಲಾಯರಿನ ಧಾಟಿಯಲ್ಲಿ.

ಕುಡಿದ ಗಳಿಗೆಗೆ ಹಿತ ಅನ್ನಿಸುತ್ತೆ ಅಮ್ಮ, ಆದರೆ ಅದರಲ್ಲಿರೋ ಪ್ರೋಟೀನು, ಕ್ಯಾಲ್ಸಿಯಂ ಸೇರಿ ಸ್ವಲ್ಪ ಹೊತ್ತಿಗೆ ಇನ್ನಷ್ಟು ಆಮ್ಲ ಸುರಿಸುತ್ತವೆ ಅಂದರು ಡಾಕ್ಟರು. ಈ ಮಾತನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಹಾಕಿಕೊಡಿ ಅಂತ ಕೇಳಿದೆ. ನಕ್ಕರು, ಕೊಡಲಿಲ್ಲ.

ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗುವ ಮಾತ್ರೆ ಬರೆದರು. ಇದನ್ನು ಚಕ್ಕುಲಿಯ ಹಾಗೆ ವರ್ಷಗಟ್ಟಲೆ ತಿನ್ನುವ ಜನ ಇದ್ದಾರೆ, ನೀವು ಹಾಗೆ ಮಾಡಬೇಡಿ ಅಂದರು. ನಾನು ಬೇರೆಯವರಿಗಿಂತ ಜಾಸ್ತಿ ಹುಷಾರಾಗಿರಬೇಕಂತೆ. ಬಿ12 ಅನ್ನುವ ಜೀವಸತ್ವ ಸೊಪ್ಪುಕಾಳುಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಲು ಬಿಟ್ಟವನಿಗೆ ಆ ಬಾಗಿಲು ಮೊದಲೇ ಮುಚ್ಚಿದೆ. ಮೇಲೆ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡರೆ ಆಹಾರದಿಂದ ಬಿ12 ಬಿಡಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಕೈಕಾಲು ಜೋಮು ಹಿಡಿಯುವವರೆಗೂ ಕಾಯುವುದು ಬೇಡ ಅಂತ ಅದಕ್ಕೂ ಒಂದು ಗುಳಿಗೆ ಬರೆದರು. ಬ್ಯಾಕ್ಟೀರಿಯಾಗಳಿಂದ ತಯಾರಾಗುವಂಥದ್ದು. ಬ್ಯಾಕ್ಟೀರಿಯಾ ಬಗ್ಗೆ ನನ್ನ ತಕರಾರಿಲ್ಲ. ಅದರ ಕರುವನ್ನು ಯಾರೂ ಹುಣಸೆಮರಕ್ಕೆ ಕಟ್ಟುವುದಿಲ್ಲ.

ಮೆಡಿಕಲ್ ಸ್ಟೋರಿನ ಹುಡುಗ, ಎಂದೋ ನನ್ನ ಶಿಷ್ಯ, ಆ ಮಾತ್ರೆ ಖಾಲಿ ಸಾ, ಅದೇ ಕೆಲಸ ಮಾಡೋ ಕ್ಯಾಪ್ಸೂಲ್ ಇದೆ ಅಂತ ಕೆಂಪು ನೀಲಿ ಚೀಟಿ ಮುಂದಿಟ್ಟ. ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಜೆಲಟಿನ್, ಅಂದರೆ ದನದ ಮೂಳೆ ಚರ್ಮ ಬೇಯಿಸಿ ತೆಗೆದ ಅಂಟು. "ಇದು ದನದ್ದಲ್ವೇನಯ್ಯಾ?" ಅಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶೀತಕ್ಕೆ ಕ್ಯಾಪ್ಸೂಲ್ ಕೊಂಡಿದ್ದ ಸಂಪ್ರದಾಯಸ್ಥ ಹಿರಿಯರೊಬ್ಬರು ತಮ್ಮ ಕೈಯಲ್ಲಿದ್ದ ಚೀಟಿಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು. ಹುಡುಗ ಎರಡು ಕೈ ಎತ್ತಿ ಮುಗಿದ. "ಸಾ, ನಾಳೆ ಬೆಳಿಗ್ಗೆ ಮಾತ್ರೇನೇ ತರಿಸಿ ಮನೆಗೇ ಕಳಿಸ್ತೀನಿ. ಗಿರಾಕಿ ಮುಂದೆ ಪಾಠ ಮಾಡಬೇಡಿ."

ನಮ್ಮಾಕೆ ಅಷ್ಟಕ್ಕೇ ಬಿಡಲಿಲ್ಲ. ಮೊಸರಿಲ್ಲದ ಊಟ ಊಟವೇ ಅಲ್ಲ ಅನ್ನುವವಳು ಅವಳು. ಮಗಳಿಂದ ಕೇಳಿ ತಿಳಿದು ಕಡಲೆಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಕಾಯಿಸಿ ಹಾಲು ಮಾಡಿದಳು. ಹೆಪ್ಪಿಗೆ ಏನು? ಹಸಿಮೆಣಸಿನಕಾಯಿಯ ತೊಟ್ಟು! ನಾಲ್ಕು ತೊಟ್ಟು ಹಾಕಿ ಒಲೆಯ ಪಕ್ಕ ಬೆಚ್ಚಗಿಟ್ಟರೆ ಬೆಳಗಾಗುವುದರಲ್ಲಿ ಅದು ನಿಜವಾಗಿಯೂ ಹೆಪ್ಪಾಗಿತ್ತು. ಬಟ್ಟಲು ಓರೆ ಮಾಡಿದರೆ ಅಲುಗುತ್ತಿತ್ತು, ಮೇಲೆ ತೆಳ್ಳಗೆ ಕೆನೆಯಂಥದ್ದೂ ಕಟ್ಟಿತ್ತು, ಮೂಗಿಗೆ ಹಿಡಿದರೆ ಮಾತ್ರ ಎಣ್ಣೆಗಾಣದ ನೆನಪು. ಪಕ್ಕದ ಮನೆಯಾಕೆ ರುಚಿ ನೋಡಿ "ಚೆನ್ನಾಗೈತೆ ಕಣಕ್ಕ, ಒಗ್ಗರಣೆ ಹಾಕಿದ್ರೆ ಚಟ್ನಿ ಆಗುತ್ತೆ" ಅಂದಳು. ಎದೆಯುರಿಗೆಂದು ಮಾಡಿದ ಆ ಮೊಸರಲ್ಲಿ ಇದ್ದಿದ್ದು ಅದೇ ಕಡಲೆಬೀಜ, ಅದೇ ಮೆಣಸಿನಕಾಯಿ. ಹುಣಸೆಹಣ್ಣೊಂದು ಬಾಕಿ.

ಮಂಚದ ಕಥೆ ಬೇರೆ. ತಲೆಯ ಕಡೆ ಆರೆಂಟು ಅಂಗುಲ ಎತ್ತರವಾಗಲಿ, ದಿಂಬು ಜೋಡಿಸಿದರೆ ಕತ್ತು ಮಾತ್ರ ಬಗ್ಗುತ್ತೆ, ಮಂಚದ ಕಾಲನ್ನೇ ಎತ್ತಿಸಿ ಅಂದಿದ್ದರು ಡಾಕ್ಟರು. ಏಕಶಿಲಾ ಬೆಟ್ಟದ ಊರಿನವರಿಗೆ ಕಲ್ಲಿಗೆ ಬರವೇ? ಎರಡು ಸೈಜುಗಲ್ಲು ತರಿಸಿ ಕೊಟ್ಟೆ. ರಾತ್ರಿ ಬೆಟ್ಟದ ತುದಿಯಲ್ಲಿ ಮಲಗಿದ ದಂಪತಿ ಬೆಳಿಗ್ಗೆ ತಪ್ಪಲಿನಲ್ಲಿ ಏಳತೊಡಗಿದೆವು. ಹೊದಿಕೆ ಅದಕ್ಕೂ ಮೊದಲೇ ನೆಲ ಸೇರಿರುತ್ತಿತ್ತು. ನಮ್ಮಾಕೆ ತನ್ನ ಹಾಸಿಗೆಯನ್ನು ಸಮತಟ್ಟು ನೆಲಕ್ಕೆ ವರ್ಗ ಮಾಡಿಸಿಕೊಂಡಳು. ಎಡಮಗ್ಗುಲಾಗಿ ಮಲಗಿ, ಆಗ ಜಠರ ಕೆಳಗೆ ಉಳಿದು ಬಾಗಿಲು ಮೇಲಿರುತ್ತೆ ಅಂತಲೂ ಡಾಕ್ಟರು ಹೇಳಿದ್ದರು. ಇದನ್ನು ಎಲ್ಲೋ ಕೇಳಿದ್ದೇನಲ್ಲ ಅಂತ ಯೋಚಿಸಿದರೆ, ನಮ್ಮ ಸರ್ವಜ್ಞ! ಉಂಡ ಮೇಲೆ ಒಂದಿಷ್ಟು ಹೆಜ್ಜೆ ಹಾಕು, ಬಲಭುಜ ಮೇಲೆ ಬರುವಂತೆ ಮಲಗು, ವೈದ್ಯನ ಕಾಟ ತಪ್ಪುತ್ತದೆ ಅಂದವನು. ಆ ತ್ರಿಪದಿಯ ಭಾವಾರ್ಥವನ್ನು ನಾಲ್ಕು ತಾಲ್ಲೂಕಿನ ಹುಡುಗರಿಂದ ಬರೆಸಿ, ಸರಿ ಹಾಕಿ, ಅಂಕ ಕೊಟ್ಟಿದ್ದೇನೆ. ಫೀಸು ಕೊಟ್ಟು ಕೇಳಿದಾಗಲೇ ಅದು ನನ್ನ ಹೊಟ್ಟೆಗೂ ಅನ್ವಯಿಸುತ್ತದೆ ಅನ್ನಿಸಿದ್ದು.

ನಿಜವಾಗಿ ಉರಿ ಇಳಿಸಿದ್ದು ಮಾತ್ರೆಗಿಂತ ಹೆಚ್ಚಾಗಿ ಗಡಿಯಾರ. ಮುದ್ದೆ ಅರ್ಧಕ್ಕೆ ಇಳಿಯಿತು, ಹುಳಿ ಖಾರ ಮಧ್ಯಾಹ್ನಕ್ಕೆ ಸೀಮಿತವಾಯಿತು. ರಾತ್ರಿಯೂಟ ದೀಪ ಹಚ್ಚುವ ಮೊದಲೇ. ಸೋರೆಕಾಯಿ ಪಲ್ಯ, ತೆಳ್ಳಗಿನ ಹೆಸರುಬೇಳೆ ತೊವ್ವೆ, ಒಂದು ಹಿಡಿ ಅನ್ನ. ಆಮೇಲೆ ಮಾರಮ್ಮನ ಗುಡಿಯವರೆಗೆ ಹೋಗಿ ಬರುವುದು. ಮಲಗುವ ಹೊತ್ತಿಗೆ ಹೊಟ್ಟೆ ತನ್ನ ಕೆಲಸ ಮುಗಿಸಿ ಬಾಗಿಲು ಹಾಕಿಕೊಂಡಿರುತ್ತದೆ.

ಹೊಸ ಸಮಸ್ಯೆ ಅಂದರೆ ಊರಿನವರ ಲೆಕ್ಕಾಚಾರ. ಮೇಷ್ಟ್ರು ಮಾಂಸ ಮುಟ್ಟಲ್ಲ, ಜೇನು ಮುಟ್ಟಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕಲ್ಲ. ಎಲ್ಲ ಕೂಡಿಸಿ ಕಳೆದು, ಮೇಷ್ಟ್ರು ಜೈನರಾಗಿಬಿಟ್ಟಿದ್ದಾರೆ ಅಂತ ತೀರ್ಮಾನಿಸಿದ್ದಾರೆ. ಮೊನ್ನೆ ಅರಳಿಕಟ್ಟೆಯಲ್ಲಿ ಟೂರಿಸ್ಟ್ ಬಸ್ಸಿನ ಹುಡುಗ ತುಂಬ ಗೌರವದಿಂದ ಎದ್ದು ನಿಂತ.

"ಸಾ, 2018ರಲ್ಲಿ ಆದ್ಮೇಲೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಇನ್ನು 2030ಕ್ಕೇ ಅಲ್ವಾ? ನಿಮಗೆ ಈಗ್ಲೇ ಮುಂದಿನ ಸೀಟು ಬರ್ಕೊಂಡಿರ್ತೀನಿ. ಬಾಹುಬಲಿ ತಲೆ ಮೇಲಿಂದ ಕೊಡಗಟ್ಟಲೆ ಹಾಲು ಸುರೀತಾರೆ ಸಾ, ಕಾಲ ಹತ್ರ ನಿಂತು ಒಂದು ಬೊಗಸೆ ಕುಡಿದುಬಿಡಿ. ಎದೆಯುರಿ ಅಂಗೇ ಹೊಂಟೋಯ್ತದೆ."